ಗಾಳಿ ಅಳೆಯುವ ಕಣ್ಣಿಗೆ ಬಿದ್ದ ಹಿಮಬಂಡೆ

ಆಟಿ ತಿಂಗಳ ಮಳೆಯಲ್ಲಿ ಕಾರ್ಕಳದ ಗೊಮ್ಮಟಬೆಟ್ಟವನ್ನು ಆಕಾಶದಿಂದ ನೋಡಿದರೆ ಏನು ಕಂಡೀತು? ಮೋಡ, ಅದರ ಕೆಳಗೆ ಇನ್ನಷ್ಟು ಮೋಡ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಘಟ್ಟದ ಬುಡದ ಊರು, ಸಾಮಾನ್ಯ ಕ್ಯಾಮೆರಾ ಹೊತ್ತ ಉಪಗ್ರಹದ ಪಾಲಿಗೆ ಮಳೆಗಾಲದಲ್ಲಿ ಬಹುಮಟ್ಟಿಗೆ ಮುಚ್ಚಿದ ಬಾಗಿಲು. ದಕ್ಷಿಣ ಧ್ರುವದ ಸುತ್ತಲಿನ ಕಡಲಿನ ಕಥೆಯೂ ಇದೇ. ಅಲ್ಲಿ ಇನ್ನೊಂದು ತೊಡಕೂ ಉಂಟು: ಚಳಿಗಾಲವೆಂದರೆ ಹಗಲನ್ನೇ ಕಾಣದ ತಿಂಗಳುಗಳು. ಮೋಡದ ಅಡಿಯಲ್ಲಿ, ಕತ್ತಲೆಯ ಒಳಗೆ, ಊರಿನಷ್ಟು ದೊಡ್ಡ ಹಿಮಬಂಡೆಯೊಂದು ತೇಲಿ ಹೋದರೆ ಅದನ್ನು ಹುಡುಕುವವರಾರು?

ಹಾಗೆ ತಪ್ಪಿಸಿಕೊಂಡದ್ದು ಬಿ-10ಎ ಎಂಬ ಬಂಡೆ. ಅಂಟಾರ್ಟಿಕಾದಿಂದ 1992ರಲ್ಲಿ ಕಳಚಿಕೊಂಡ ಬಿ-10ರ ತುಂಡು ಅದು. ಅಗಲ ಸುಮಾರು 38 ಕಿಲೋಮೀಟರು, ಅಂದರೆ ಕಾರ್ಕಳದಿಂದ ಬಸ್ಸು ಹತ್ತಿ ಉಡುಪಿಯಲ್ಲಿ ಇಳಿಯುವಷ್ಟು ದೂರ. ಉದ್ದ ಅದರ ಎರಡು ಪಾಲು. ನೀರಿನ ಮೇಲೆ ಕಾಣುವ ಭಾಗವೇ ಸುಮಾರು 90 ಮೀಟರ್. ಕಾರ್ಕಳದ ಗೊಮ್ಮಟ 42 ಅಡಿ ಎತ್ತರ. ಅಂಥ ಏಳು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು! ಇಷ್ಟು ದೊಡ್ಡದು ಮೋಡ ಕತ್ತಲೆಗಳ ನಡುವೆ ನೋಡುವವರ ಲೆಕ್ಕದಿಂದ ಜಾರಿಹೋಯಿತು. 1999ರ ಜುಲೈಯಲ್ಲಿ ಅದು ಮತ್ತೆ ಸಿಕ್ಕಿದ್ದು ದಕ್ಷಿಣ ಅಮೆರಿಕದ ತುದಿಗೂ ಅಂಟಾರ್ಟಿಕಾಕ್ಕೂ ನಡುವಿನ ಡ್ರೇಕ್ ಜಲಮಾರ್ಗದ ಕಡೆಗೆ, ಹಡಗುಗಳು ಓಡಾಡುವ ದಿಕ್ಕಿನಲ್ಲಿ.

ಕಂಡುಹಿಡಿದದ್ದು ಅಮೆರಿಕದ ಕ್ವಿಕ್‌ಸ್ಕ್ಯಾಟ್ ಉಪಗ್ರಹ. ಸೋಜಿಗವೆಂದರೆ ಅದನ್ನು ಹಾರಿಸಿದ್ದು ಹಿಮಬಂಡೆ ಹುಡುಕಲಿಕ್ಕಲ್ಲ, ಕಡಲ ಮೇಲಿನ ಗಾಳಿಯನ್ನು ಅಳೆಯಲಿಕ್ಕೆ.

ಆ ಉಪಕರಣದ ಹೆಸರು ಸ್ಕ್ಯಾಟರೋಮೀಟರ್. ಅದೊಂದು ಬಗೆಯ ರಾಡಾರ್. ಮೇಲಿನಿಂದ ಸೂಕ್ಷ್ಮ ರೇಡಿಯೋ ತರಂಗಗಳನ್ನು ಕಳಿಸುತ್ತದೆ, ಮರಳಿ ಬಂದ ಪ್ರತಿಧ್ವನಿಯ ಬಲವನ್ನು ಅಳೆಯುತ್ತದೆ. ಗಾಳಿ ಬೀಸಿದರೆ ನೀರಿನ ಮೇಲೆ ಸಣ್ಣ ಸಣ್ಣ ಸುಕ್ಕುಗಳು ಏಳುತ್ತವೆ. ಸುಕ್ಕು ಹೆಚ್ಚಿದಷ್ಟೂ ಪ್ರತಿಧ್ವನಿ ಹೆಚ್ಚು. ಇದರಿಂದ ಗಾಳಿಯ ವೇಗ, ದಿಕ್ಕು ಎರಡೂ ತಿಳಿಯುತ್ತವೆ. ಒಣ ಹಿಮದ ಮೇಲೆ ಬಿದ್ದ ತರಂಗವಾದರೋ ಒಳಕ್ಕೆ ಇಳಿದು, ಕಣಕಣಕ್ಕೂ ಬಡಿದು ಚದುರಿ, ಬಲವಾಗಿ ಹಿಂದಿರುಗುತ್ತದೆ. ಹಾಗಾಗಿ ಚಿತ್ರದಲ್ಲಿ ಹಿಮಬಂಡೆ ಕಪ್ಪು ನೀರಿನ ನಡುವೆ ಬೆಳ್ಳಗೆ ಹೊಳೆಯುತ್ತದೆ. ಈ ತರಂಗಗಳಿಗೆ ಸೂರ್ಯನ ಬೆಳಕು ಬೇಡ, ಮೋಡದ ಹಂಗೂ ಇಲ್ಲ. ಬೇಸಿಗೆಯಲ್ಲಿ ಮಾತ್ರ ಒಂದು ಫಜೀತಿ: ಬಂಡೆಯ ಮೇಲ್ಮೈ ಕರಗಿ ಒದ್ದೆಯಾದರೆ ಅದು ತರಂಗವನ್ನು ಹೀರಿಕೊಂಡು ಚಿತ್ರದಲ್ಲಿ ಮಂಕಾಗುತ್ತದೆ.

ಗಾಳಿ ಅಳೆಯುವವರಿಗೆ ಹಿಮದ ಈ ಹೊಳಪು ತಳ್ಳಿಹಾಕಬೇಕಾದ ಕಸ. ಅದನ್ನೇ ಬೆಳೆಯೆಂದು ಕೊಯ್ದವರಲ್ಲಿ ಡೇವಿಡ್ ಲಾಂಗ್ ಒಬ್ಬರು. ಯೂಟಾ ರಾಜ್ಯದ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ. ಸ್ಕ್ಯಾಟರೋಮೀಟರಿನ ನೋಟ ಒರಟು. ಒಂದೊಂದು ಚುಕ್ಕೆಯೂ ಹತ್ತಾರು ಕಿಲೋಮೀಟರು ಅಗಲ. ಆದರೆ ಧ್ರುವಗಳ ಬಳಿಯಲ್ಲೇ ಹಾದುಹೋಗುವ ಉಪಗ್ರಹ ದಿನಕ್ಕೆ ಹದಿನಾಲ್ಕು ಸುತ್ತು ಬಂದರೆ ಅದೇ ಜಾಗವನ್ನು ಮತ್ತೆ ಮತ್ತೆ ನೋಡಿದಂತಾಗುತ್ತದೆ. ಒಂದರ ಮೇಲೊಂದು ಬಿದ್ದ ಈ ನೋಟಗಳನ್ನು ಗಣಿತದಿಂದ ಹೆಣೆದರೆ ಚಿತ್ರ ತಿಳಿಯಾಗುತ್ತದೆ. ಕಡಲೇ ಇಲ್ಲದ, ಮರುಭೂಮಿಯ ರಾಜ್ಯವೊಂದರಲ್ಲಿ ಕುಳಿತು ಅವರ ತಂಡ ಅಂಟಾರ್ಟಿಕಾದ ಬಂಡೆಗಳ ಜಾತಕ ಬರೆಯುತ್ತ ಬಂದಿದೆ.

ಜಾತಕಕ್ಕೆ ಹೆಸರು ಬೇಕಲ್ಲ? ಅದನ್ನು ಅಮೆರಿಕದ ರಾಷ್ಟ್ರೀಯ ಹಿಮ ಕೇಂದ್ರ ಇಡುತ್ತದೆ. ಅಂಟಾರ್ಟಿಕಾವನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಪಾಲು ಮಾಡಿ, ಬಂಡೆ ಮೊದಲು ಕಂಡ ಪಾಲಿನ ಅಕ್ಷರ, ಆಮೇಲೆ ಕ್ರಮಸಂಖ್ಯೆ. ಒಡೆದರೆ ತುಂಡುಗಳಿಗೆ ಇನ್ನೊಂದು ಅಕ್ಷರ. 1986ರಲ್ಲಿ ಕಳಚಿದ ಎ-23ಎ ಮೂವತ್ತಕ್ಕೂ ಹೆಚ್ಚು ವರ್ಷ ಕಡಲತಳಕ್ಕೆ ಕಚ್ಚಿ ನಿಂತು, ಬಳಿಕ ಹೊರಟು, 2025ರ ಮಾರ್ಚಿನಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪದ ಬಳಿ ಮತ್ತೆ ತಳ ಹತ್ತಿತು. ಆ ವರ್ಷವೇ ಚೂರಾಗತೊಡಗಿತು.

ಇಂಥ ಲೆಕ್ಕದಲ್ಲಿ ನಡುವೆ ಒಂದು ದಾರ ಕಡಿದರೂ ಕಷ್ಟ. 2009ರ ನವೆಂಬರಿನಲ್ಲಿ ಕ್ವಿಕ್‌ಸ್ಕ್ಯಾಟ್‌ನ ತಿರುಗುವ ಆಂಟೆನಾ ನಿಂತುಹೋಯಿತು. ಅದಕ್ಕೆ ಎರಡೇ ತಿಂಗಳು ಮುಂಚೆ, ಸೆಪ್ಟೆಂಬರ್ 23ರಂದು, ಶ್ರೀಹರಿಕೋಟೆಯಿಂದ ಭಾರತದ ಓಶನ್‌ಸ್ಯಾಟ್-2 ಹಾರಿತ್ತು. ಅದರಲ್ಲೂ ಒಂದು ಸ್ಕ್ಯಾಟರೋಮೀಟರ್ ಇತ್ತು. 2014ರವರೆಗೆ ಕೆಲಸ ಮಾಡಿದ ಅದರ ದತ್ತಾಂಶವೂ ಯೂಟಾದ ಹಿಮಬಂಡೆಗಳ ದಾಖಲೆಗೆ ಸೇರಿತು. 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1, 2022ರಲ್ಲಿ ಓಶನ್‌ಸ್ಯಾಟ್-3 ಇದೇ ಕೆಲಸಕ್ಕೆ ಹೋದವು.

ಓಶನ್‌ಸ್ಯಾಟ್-2 ರೂಪುಗೊಂಡ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಇಂದು ಇರುವ ಹೆಸರು ಯು. ಆರ್. ರಾವ್ ಅವರದು. 1932ರಲ್ಲಿ ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದವರು. ವಿಕ್ರಮ್ ಸಾರಾಭಾಯಿಯವರ ಕೈಕೆಳಗೆ ಅವರು ಅಭ್ಯಾಸ ಮಾಡಿದ್ದು ವಿಶ್ವಕಿರಣಗಳನ್ನು. ಮುಂದೆ ಕಟ್ಟಿದ್ದು 1975ರಲ್ಲಿ ಹಾರಿದ ಆರ್ಯಭಟವನ್ನು.

‘ಬರ್ಫದ ಲೆಕ್ಕ ಇಟ್ಟವನಿಗೆ ಸಂಬಳ ಯಾರು ಕೊಡುತ್ತಾರೆ ಮಗಾ?’ ಎಂದು ಕೇಳುವ ತಂದೆ ಕಾರ್ಕಳದಲ್ಲಿಯೂ ಇದ್ದಾರು. ತಪ್ಪೇನಲ್ಲ, ಸಿ.ಇ.ಟಿ. ರ್‍ಯಾಂಕಿನ ಚಿಂತೆ, ಫೀಸಿನ ಚಿಂತೆ ಅವರ ತಲೆಯ ಮೇಲಿದೆ. ಆದರೆ ಲೆಕ್ಕ ಇಡದಿದ್ದರೆ ಆಗುವುದೇನೆಂಬುದಕ್ಕೆ ಎ-68ಎಯನ್ನು ನೋಡಬಹುದು. 2017ರ ಜುಲೈಯಲ್ಲಿ ಎ-68 ಕಳಚಿದಾಗ ಅದರ ವಿಸ್ತೀರ್ಣ ಸುಮಾರು 5,800 ಚದರ ಕಿಲೋಮೀಟರ್. ಇಡೀ ಉಡುಪಿ ಜಿಲ್ಲೆ ಅದರ ಮೇಲೆ ಕುಳಿತು ಇನ್ನೂ ಜಾಗ ಉಳಿಯುತ್ತಿತ್ತು. ಅದರ ದೊಡ್ಡ ತುಂಡಾದ ಎ-68ಎ 2020ರ ಕೊನೆಗೆ ದಕ್ಷಿಣ ಜಾರ್ಜಿಯಾದ ಬಳಿ ಬಂದಾಗ, ಅಲ್ಲಿಯೇ ಸಿಕ್ಕಿಕೊಂಡರೆ ಮರಿಗಳಿಗೆ ಆಹಾರ ತರುವ ಪೆಂಗ್ವಿನ್, ಸೀಲ್‌ಗಳ ದಾರಿ ಅಡ್ಡವಾದೀತೆಂಬ ಭಯ ಹುಟ್ಟಿತು. ಪುಣ್ಯಕ್ಕೆ ಒಡೆದು ಕರಗಿತು. ಉಪಗ್ರಹಗಳ ಅಳತೆಯ ಪ್ರಕಾರ ದ್ವೀಪದ ಸುತ್ತ ಮೂರೇ ತಿಂಗಳಲ್ಲಿ 15,200 ಕೋಟಿ ಟನ್ ಸಿಹಿನೀರು ಉಪ್ಪುನೀರಿಗೆ ಬೆರೆಯಿತು. ತೇಲುವ ಬಂಡೆ ಕರಗಿದ ಮಾತ್ರಕ್ಕೆ ಕಾಪುವಿನ ಕಡಲು ಉಕ್ಕುವುದಿಲ್ಲ, ನಿಜ. ಆದರೆ ನೆಲದ ಮೇಲಿನ ಹಿಮನದಿಗೆ ಅಡ್ಡಕಟ್ಟೆಯಂತಿರುವ ತೇಲುವ ಹಿಮದ ಅಂಚು ಸವೆದರೆ, ಹಿಂದಿನ ಹಿಮ ಬೇಗ ಬೇಗ ಕಡಲಿಗಿಳಿಯುತ್ತದೆ. ಅದು ಎಲ್ಲ ಕರಾವಳಿಗಳ ಮಾತು.

ಸಂಬಳದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮಲ್ಪೆಯ ದೋಣಿಗಳಿಗೆ ಗಾಳಿಯ ಮುನ್ಸೂಚನೆ ಕೊಡಲು ನೆರವಾಗುವ ಯಂತ್ರವೇ ಧ್ರುವದ ಬಂಡೆಯನ್ನೂ ಹುಡುಕುತ್ತದೆ. ತರಂಗದ ಪಾಠವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡದೆ ಅರ್ಥಮಾಡಿಕೊಂಡು ಓದಿದ ಹುಡುಗಿಗೆ ಅದು ಎಲ್ಲಿ ಒದಗುತ್ತದೆಂದು ಅವಳ ತಂದೆಗಾಗಲಿ ಮೇಷ್ಟ್ರಿಗಾಗಲಿ ಮೊದಲೇ ತಿಳಿದಿರುವುದಿಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಉಪಗ್ರಹದ ರಾಡಾರ್ ಅಂಟಾರ್ಟಿಕಾದ ಹಿಮವನ್ನೂ ನೋಡುತ್ತದೆ. ಅದರ ದತ್ತಾಂಶ ಎಲ್ಲರಿಗೂ ಉಚಿತ. ಚಿತ್ರಗಳು ಬರುತ್ತವೆ. ಅವುಗಳ ಮುಂದೆ ಕುಳಿತು, ನಿನ್ನೆ ಇಲ್ಲಿದ್ದ ಬಂಡೆ ಇಂದು ಎಲ್ಲಿಗೆ ಹೋಯಿತೆಂದು ಬೇಸರಿಸದೆ ಗುರುತು ಹಾಕುವ ಮಕ್ಕಳು ಬೇಕು.