ಕಂಡದ್ದನ್ನೇ ಬರೆಯುವ ವಿದ್ಯೆ

ಅಡ್ಯಾರ್, ಚೆನ್ನೈ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಅಣ್ಣ ಫೋನ್ ಮಾಡಿದ್ದ. ನಿನ್ನ ರ‍್ಯಾಂಕಿಗೆ ಇಲ್ಲಿ ಐಐಟಿ ಮದ್ರಾಸಿನಲ್ಲಿ ಎಂಜಿನಿಯರಿಂಗ್ ಫಿಸಿಕ್ಸ್ ಸಿಗುವ ಹಾಗಿದೆಯಂತೆ, ಬೆಂಗಳೂರಿನಲ್ಲಾದರೆ ಕಂಪ್ಯೂಟರ್ ಸೈನ್ಸೇ ಸಿಗುತ್ತದಂತೆ. ಮನೆಯಲ್ಲಿ ಎಲ್ಲರೂ ಕಂಪ್ಯೂಟರ್ ಸೈನ್ಸ್ ಕಡೆ, ನೀನೊಬ್ಬಳು ಈ ಕಡೆ. ಆದರೂ ನಿನಗೇ ಅನುಮಾನ: ‘ಅತ್ತೆ, ಅದು ಎಂಜಿನಿಯರಿಂಗೋ ಫಿಸಿಕ್ಸೋ? ಎರಡೂ ಅರ್ಧಂಬರ್ಧ ಆಗಿಬಿಟ್ಟರೆ?’ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವೆಂದು ಕಾಗದ ಬರೆಯುತ್ತಿದ್ದೇನೆ. ಇಷ್ಟು ವರ್ಷ ಈ ಊರಿನಲ್ಲಿ ಫಿಸಿಕ್ಸ್ ಪಾಠ ಮಾಡಿದವಳು ಇಷ್ಟನ್ನಾದರೂ ನಿನಗೆ ಹೇಳಲೇಬೇಕು.

ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. ಡಾಪ್ಲರ್ ಪರಿಣಾಮ ನಿನಗೆ ಗೊತ್ತು. ಇಲ್ಲಿ ಬಂದರಿನ ಬಳಿ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಇದೆ. ಸುಮಾರು 10 ಸೆಂ.ಮೀ. ತರಂಗಾಂತರದ ಮೈಕ್ರೋವೇವ್ ಕಳಿಸಿ, ಮಳೆಹನಿಗೆ ಬಡಿದು ಮರಳುವ ಅಲೆಯನ್ನು ಅದು ಹಿಡಿಯುತ್ತದೆ. ಹನಿಗಳನ್ನು ಹೊತ್ತ ಗಾಳಿ ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ 108 ಕಿ.ಮೀ. ವೇಗದಲ್ಲಿ ರೇಡಾರಿನತ್ತ ನುಗ್ಗುತ್ತಿದೆ ಎಂದುಕೋ. ವೇಗವನ್ನು ಎರಡರಿಂದ ಗುಣಿಸಿ ತರಂಗಾಂತರದಿಂದ ಭಾಗಿಸು. ಆವೃತ್ತಿಯಲ್ಲಿ ಆಗುವ ವ್ಯತ್ಯಾಸ 600 ಹರ್ಟ್ಸ್. ಮೂಲ ಆವೃತ್ತಿಯೋ, ಸುಮಾರು 300 ಕೋಟಿ ಹರ್ಟ್ಸ್! ಪರೀಕ್ಷೆಯಾದರೆ ಇಲ್ಲಿಗೆ ಪೂರ್ತಿ ಅಂಕ ಸಿಕ್ಕಿತು.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ರೇಡಾರಿನ ಒಂದೊಂದು ಸ್ಪಂದ ಇರುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಆ 600 ಹರ್ಟ್ಸ್ ಯಾವ ಮೂಲೆಗೂ ಸಾಲದು, ಅಳೆಯುವಷ್ಟು ವ್ಯತ್ಯಾಸವೇ ಕಾಣುವುದಿಲ್ಲ. ಅದಕ್ಕೆ ಒಂದು ಸ್ಪಂದ ಮರಳಿದಾಗ ಅಲೆ ಯಾವ ಹಂತದಲ್ಲಿತ್ತು, ಅದರ ಹಿಂದಿನದು ಮರಳಿದಾಗ ಯಾವ ಹಂತದಲ್ಲಿತ್ತು ಎಂದು ಹೋಲಿಸಿ ವೇಗ ಕಂಡುಹಿಡಿಯುತ್ತಾರೆ. ಹೋಲಿಸಬೇಕಾದರೆ ಒಳಗಿನ ಆಂದೋಲಕ ಒಂಚೂರೂ ಹದ ತಪ್ಪಬಾರದು. ಸ್ಪಂದಗಳ ನಡುವೆ ಅಂತರ ಹೆಚ್ಚಾದರೆ, ರಭಸದಿಂದ ಮುಂದೆ ಬರುತ್ತಿರುವ ಗಾಳಿ ಹಿಂದಕ್ಕೆ ಹೋಗುತ್ತಿರುವಂತೆ ತೋರುತ್ತದೆ. ಅಂತರ ಕಡಿಮೆ ಮಾಡಿದರೆ ದೂರದ ಮೋಡ ಎಲ್ಲಿದೆ ಎಂಬುದೇ ಗೊಂದಲವಾಗುತ್ತದೆ. ಎರಡನ್ನೂ ಸಂಭಾಳಿಸುವ ದಾರಿ ಹುಡುಕಬೇಕು. ಪುಟ್ಟಿ, ಆ ಸೂತ್ರದಿಂದ ಈ ಯಂತ್ರದವರೆಗಿನ ದಾರಿಯೇ ಅನ್ವಯಿಕ ಭೌತಶಾಸ್ತ್ರ. ಅಲೆಯ ಗಣಿತ ಬಿಟ್ಟರೂ ನಡೆಯದು, ಎಲೆಕ್ಟ್ರಾನಿಕ್ಸ್ ಬಿಟ್ಟರೂ ನಡೆಯದು. ಅರ್ಧಂಬರ್ಧ ಎಂಬ ಭಯ ಬಿಡು. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಈ ಊರಿಗೆ ಅಪ್ಪಳಿಸಿದಾಗ ಬಾಗಿಲು ಭದ್ರಮಾಡಿ ಕೂತವರಲ್ಲಿ ನಾನೂ ಒಬ್ಬಳು. ಗಾಳಿಯನ್ನು ಸರಿಯಾಗಿ ಅಳೆಯುವವರ ಮೇಲೆ ಅಂದಿನಿಂದ ನನಗೆ ಇನ್ನಷ್ಟು ಗೌರವ.

ಅಂಥವರಲ್ಲಿ ಒಬ್ಬರ ಬಗ್ಗೆ ನೀನು ಓದಲೇಬೇಕು. ಅನ್ನಾ ಮಣಿ ಹುಟ್ಟಿದ್ದು 1918ರಲ್ಲಿ, ಕೇರಳದ ಪೀರುಮೇಡಿನಲ್ಲಿ. ಡಿಗ್ರಿ ಓದಿದ್ದು ಇಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಅಲ್ಲಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯದ ವರ್ಣಪಟಲ ಅಧ್ಯಯನ ಮಾಡಿದರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಪಿಎಚ್.ಡಿ. ಕೈತಪ್ಪಿತು. ಅಷ್ಟಕ್ಕೇ ಕೈಕಟ್ಟಿ ಕೂರದೆ ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಹಿಂತಿರುಗಿ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸಲು ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಪ್ರಮಾಣಕ್ಕೆ ತಂದರು. ಉಪಕರಣ ತಪ್ಪು ತೋರಿಸುವುದನ್ನು ಆಕೆ ಸಹಿಸುತ್ತಿರಲಿಲ್ಲ. ದೇಶ ಕಟ್ಟಿದವರ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಮೇಲೆ ಇರಬೇಕಿತ್ತು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ರಾಮನ್ ಕೂಡ ಅದೇ ಪ್ರೆಸಿಡೆನ್ಸಿಯ ವಿದ್ಯಾರ್ಥಿ. ಕಾಲೇಜಿನ ಸಾಮಾನ್ಯ ಸ್ಪೆಕ್ಟ್ರೋಮೀಟರಿನಲ್ಲಿ, ಪಟ್ಟಕದ ಮುಖಕ್ಕೆ ತೀರಾ ಓರೆಯಾಗಿ ಬಿದ್ದು ಮರಳುವ ಬೆಳಕಿನ ಪಟ್ಟೆಗಳು ಎಡಬಲದಲ್ಲಿ ಒಂದೇ ಸಮ ಇಲ್ಲದ್ದನ್ನು ಕಂಡರು. ಪುಸ್ತಕದಲ್ಲಿ ಇರುವ ಹಾಗೆ ಕಾಣಲಿಲ್ಲವೆಂದು ತಳ್ಳಿಹಾಕಲಿಲ್ಲ. 1906ರಲ್ಲಿ ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಅದು ಪ್ರಬಂಧವಾಗಿ ಬಂತು. ಆಗ ಅವರಿಗೆ 18 ವರ್ಷ, ನಿನ್ನದೇ ವಯಸ್ಸು.

ನಮ್ಮ ಪಿಯುಸಿ ಪ್ರಾಕ್ಟಿಕಲ್ಸಿನಲ್ಲಿ ಏನು ನಡೆಯುತ್ತದೆ ಎಂದು ನಿನಗೆ ಗೊತ್ತು. ಗುರುತ್ವ ವೇಗೋತ್ಕರ್ಷದ ಉತ್ತರ 9.8 ಬರಬೇಕು, ಅದಕ್ಕೆ ತಕ್ಕ ಹಾಗೆ ರೀಡಿಂಗ್ ಬರೆಯುತ್ತಾರೆ. ಆ ಅಭ್ಯಾಸವನ್ನು ಊರಲ್ಲೇ ಬಿಟ್ಟು ಬಾ. ಇಲ್ಲಿ 9.3 ಬಂದರೆ 9.3 ಎಂದೇ ಬರೆದು, ಯಾಕೆ ಬಂತು ಎಂದು ಹುಡುಕುತ್ತಾ ಕೂರಬೇಕು. ಕಡಲ ತೇವಕ್ಕೆ ಈ ಊರಿನ ಲ್ಯಾಬುಗಳಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು, ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿತೇ ಎಂದು ನೋಡಿ, ಬಿಸಿ ಮಾಡಿ ಮತ್ತೆ ಇಡುತ್ತೇವೆ. ಯಾವ ಪುಸ್ತಕದಲ್ಲೂ ಪಾಠವಾಗಿ ಬರದ ಇಂಥ ಕೆಲಸವನ್ನು ಪ್ರೀತಿಯಿಂದ ಮಾಡುವವರಿಗೇ ಈ ವಿದ್ಯೆ ಒಲಿಯುತ್ತದೆ.

ಕೆಲಸದ ಮಾತು. ಅಣ್ಣನ ಚಿಂತೆ ಸುಳ್ಳಲ್ಲ. ನಾಲ್ಕು ವರ್ಷ ಮುಗಿದ ತಕ್ಷಣ ಕಂಪ್ಯೂಟರ್ ಸೈನ್ಸಿನವರಿಗೆ ಇರುವಷ್ಟು ನೇರ ದಾರಿ ಇಲ್ಲಿಲ್ಲ. ಮುಂದೆ ಓದಬೇಕಾಗಬಹುದು. ಆದರೆ ಚಿಪ್ಪು, ಲೇಸರ್, ಉಪಗ್ರಹ, ಆಸ್ಪತ್ರೆಯ ಎಂ.ಆರ್.ಐ., ಇಲ್ಲಿಂದ ಸುಮಾರು 70 ಕಿ.ಮೀ. ದೂರದ ಕಲ್ಪಾಕ್ಕಂನ ರಿಯಾಕ್ಟರ್, ಎಲ್ಲಕ್ಕೂ ಈ ಓದಿನವರು ಬೇಕು. ನಮ್ಮ ತುಮಕೂರಿನ ರಾಜಾ ರಾಮಣ್ಣನವರೂ ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿಯೇ ಮುಂದೆ ಅಣುಶಕ್ತಿ ಆಯೋಗದ ಅಧ್ಯಕ್ಷರಾದದ್ದು. ಹೆಸರಿಗೆ ಮಾತ್ರ ಐಐಟಿ ಸಾಕು, ಒಳಗೆ ಹೋಗಿ ಬ್ರಾಂಚ್ ಬದಲಿಸುತ್ತೇನೆ ಎಂದಿದ್ದರೆ ಬರುವುದೇ ಬೇಡ. ನಿನ್ನ ಮಾತಿನಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ಊರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಸೆಕೆ ಜಾಸ್ತಿ, ತಮಿಳು ತಾನಾಗಿ ಬರುತ್ತದೆ, ಭಾನುವಾರದ ಊಟಕ್ಕೆ ನಮ್ಮ ಮನೆ ಇದೆ. ಪ್ರೊ. ವಿ. ಬಾಲಕೃಷ್ಣನ್ ಐಐಟಿ ಮದ್ರಾಸಿನಲ್ಲಿ ಮಾಡಿದ ಕ್ವಾಂಟಮ್ ಫಿಸಿಕ್ಸ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅರ್ಥವಾದಷ್ಟು ಆಗಲಿ, ಈ ವಾರವೇ ಒಂದೆರಡು ಕೇಳು.

ಕೇಳಿದ ಮೇಲೂ ಮನಸ್ಸು ಇತ್ತಲೇ ಎಳೆದರೆ, ಕೌನ್ಸೆಲಿಂಗ್ ಪಟ್ಟಿಯಲ್ಲಿ ಎಂಜಿನಿಯರಿಂಗ್ ಫಿಸಿಕ್ಸನ್ನೇ ಮೊದಲು ಹಾಕು. ಅಣ್ಣನ ಹತ್ತಿರ ನಾನು ಮಾತಾಡುತ್ತೇನೆ.

ಇಂತಿ ನಿನ್ನ
ಅತ್ತೆ