ಮರಿಗಳು ಇಳಿಯುವುದು ಹೇಗೆ?

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಮೀನುಗಳ ವಲಸೆಯನ್ನು ಕುರಿತು ಹೇಳುತ್ತಿದ್ದೆ. ಸಾಲ್ಮನ್ ಮೀನು ನದಿಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ತವರಿಗೆ ಮರಳುವುದನ್ನೂ, ಅಣೆಕಟ್ಟು ಏರಲು ಅದಕ್ಕಾಗಿ ಮೆಟ್ಟಿಲು ಕಟ್ಟಿರುವುದನ್ನೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ತಾಯಿಗೆ ಮೆಟ್ಟಿಲಿದೆ, ಮರಿಗಳು ಕೆಳಗೆ ಇಳಿಯುವುದು ಹೇಗೆ?" ಎಂದಳು. "ನೀರಿನೊಡನೆ ತೇಲಿಹೋಗುತ್ತವೆ, ಕೂತ್ಕೋಮ್ಮ" ಎಂದೆ. ನಿಜವಾಗಿ ನನಗೆ ಉತ್ತರ ತಿಳಿದಿರಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಮಗಳ ಮನೆಗೆಂದು ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋಗಿದ್ದಾಗ, ಕೊಲಂಬಿಯಾ ನದಿಯ ಬಾನ್‌ವಿಲ್ ಅಣೆಕಟ್ಟನ್ನು ನೋಡಿದೆ. ಗಾಜಿನ ಕಿಟಕಿಯಾಚೆ ದೊಡ್ಡ ಸಾಲ್ಮನ್‌ಗಳು ನೀರನ್ನು ಸೀಳಿಕೊಂಡು ಮೇಲೇರುತ್ತಿದ್ದವು. ಹಾಗೆ ಏರುವ ಮೀನುಗಳನ್ನು ಅಲ್ಲಿ ಎಣಿಸಿ ಬರೆದಿಡುತ್ತಾರೆ. ಆ ಹುಡುಗಿಯ ಪ್ರಶ್ನೆ ನೆನಪಾಯಿತು. ಊರಿಗೆ ಮರಳಿದ ಮೇಲೆ ಅದನ್ನೇ ಹುಡುಕಿ ಓದಿದೆ.

ಮರಿಗಳು ಬಹುಮಟ್ಟಿಗೆ ನದಿಯ ಸೆಳವನ್ನೇ ನಂಬಿ ಕಡಲಿನತ್ತ ಸಾಗುತ್ತವೆ. ವಸಂತದಲ್ಲಿ ಹಿಮ ಕರಗಿ ಉಬ್ಬಿದ ನೀರೇ ಅವುಗಳ ವಾಹನ. ಅದೇ ವೇಳೆಗೆ ಅವುಗಳ ದೇಹ ಉಪ್ಪುನೀರಿಗೆ ಅಣಿಯಾಗುತ್ತಿರುತ್ತದೆ. ಆ ಸಿದ್ಧತೆಗೂ ಒಂದು ಅವಧಿಯುಂಟು. ಆದರೆ ಜಲಾಶಯದಲ್ಲಿ ಸೆಳವು ಅಡಗಿಹೋಗುತ್ತದೆ. ಪಯಣ ತಡವಾಗುತ್ತದೆ, ಬೇಸಿಗೆಯಲ್ಲಿ ನೀರು ಬೆಚ್ಚಗಾಗುತ್ತದೆ, ಮರಿಗಳನ್ನು ನುಂಗುವ ಮೀನುಗಳೂ ಹಕ್ಕಿಗಳೂ ಕಾದಿರುತ್ತವೆ. ಅಣೆಕಟ್ಟಿನ ಬಳಿ ಟರ್ಬೈನುಗಳನ್ನು ಹೊಕ್ಕ ಮರಿಗಳಿಗೆ ಅಲಗುಗಳ ಪೆಟ್ಟು, ಒತ್ತಡದ ಹಠಾತ್ ಏರುಪೇರು. ಗೇಟು ತೆರೆದು ನೀರಿನೊಡನೆ ಧುಮುಕಿಸಿದರೆ ಬದುಕುವ ಸಂಭವ ಹೆಚ್ಚು; ಆದರೆ ಧುಮ್ಮಿಕ್ಕಿದ ನೀರು ಗಾಳಿಯನ್ನು ಮಿತಿಮೀರಿ ಹೀರಿಕೊಂಡರೆ ಮರಿಗಳ ದೇಹದಲ್ಲಿ ಅನಿಲದ ಗುಳ್ಳೆಗಳೇಳುತ್ತವೆ. ಹೀಗಾಗಿ ಒಂದಷ್ಟು ಮರಿಗಳನ್ನು ಮೇಲಿನ ಅಣೆಕಟ್ಟುಗಳಲ್ಲಿಯೇ ಹಿಡಿದು, ದೊಡ್ಡ ದೋಣಿಗಳಲ್ಲಿ ತುಂಬಿ ಕೆಳಗೆ ಸಾಗಿಸುವುದೂ ಉಂಟು!

ಒಂದು ಸಣ್ಣ ಲೆಕ್ಕ ಮಾಡೋಣ. ಪ್ರತಿಯೊಂದು ಅಣೆಕಟ್ಟಿನಲ್ಲಿ ನೂರಕ್ಕೆ ಹತ್ತು ಮರಿಗಳು ಸಾಯುತ್ತವೆಂದು ಭಾವಿಸಿದರೆ, ಎಂಟು ಅಣೆಕಟ್ಟು ದಾಟುವಷ್ಟರಲ್ಲಿ ನೂರರಲ್ಲಿ ಉಳಿಯುವುದು ನಲವತ್ತಮೂರು. ಐಡಹೋದ ರೆಡ್‌ಫಿಶ್ ಸರೋವರಕ್ಕೂ ಕಡಲಿಗೂ ನಡುವೆ ಸುಮಾರು 1,450 ಕಿಲೋಮೀಟರ್ ದೂರ, ಎಂಟು ಅಣೆಕಟ್ಟುಗಳು. 1992ರಲ್ಲಿ ಆ ಸರೋವರಕ್ಕೆ ಮರಳಿದ್ದು ಒಂದೇ ಒಂದು ಸಾಕ್‌ಐ ಸಾಲ್ಮನ್. ಕಾರಣಗಳು ಹಲವು, ಅವುಗಳಲ್ಲಿ ಅಣೆಕಟ್ಟುಗಳದ್ದು ದೊಡ್ಡ ಪಾಲು.

ಸಮಾಧಾನದ ಸುದ್ದಿಯೂ ಇದೆ. ಕ್ಲಾಮತ್ ಎಂಬ ಇನ್ನೊಂದು ನದಿಯಲ್ಲಿ ನಾಲ್ಕು ಅಣೆಕಟ್ಟುಗಳನ್ನು ಕೆಡವುವ ಕೆಲಸ 2024ರಲ್ಲಿ ಮುಗಿಯಿತು. ಅದೇ ವರ್ಷದ ಶರತ್ಕಾಲದಲ್ಲಿ ಸಾಲ್ಮನ್‌ಗಳು ಆ ಜಾಗವನ್ನು ದಾಟಿ ಮೇಲೇರಿದವು. ಅವುಗಳ ಮರಿಗಳಿಗೆ ಅಲ್ಲಿ ಇಳಿಯುವ ದಾರಿಯೂ ತೆರೆದಂತಾಯಿತು.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಇದನ್ನು ಓದುತ್ತಿದ್ದರೆ ಅವಳಿಗೆ ಒಂದು ಮಾತು: ಅಮ್ಮಾ, ಅಂದು "ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಎನ್ನಬೇಕಾಗಿತ್ತು. ಈಗ ನೋಡಿ ಹೇಳಿದ್ದೇನೆ. ತಡವಾಯಿತು, ಕ್ಷಮಿಸು.