ಬೂಸ್ಟರ್ ಇಳಿಸಿದ ಮೇಲೆ

"ಕಾಲಿಡ್ರಿ. ಒತ್ರಿ. ಬಿಡ್ರಿ. ಮತ್ತ ಒತ್ರಿ."

ಉಸ್ತಾದರು ಕಿಟಕಿಗೆ ಮೊಳಕೈ ಊರಿ ನಿಮ್ಮ ಬಲಗಾಲನ್ನೇ ನೋಡುತ್ತಿದ್ದಾರೆ. ಬೀದರಿನ ಈ ಗ್ಯಾರೇಜಿನ ತಗಡಿನ ನೆರಳಲ್ಲಿ ಎಸ್ಟೀಮ್ ಕಾರಿನ 1298 ಸಿಸಿ ಎಂಜಿನ್ ನಿಂತಲ್ಲೇ ಎಡವಿ ಎಡವಿ ಓಡುತ್ತಿದೆ. ಹಿಂದೆ ಸೀಟಿಲ್ಲ. ರೋಲ್‌ಕೇಜಿನ ಪೈಪು ನಿಮ್ಮ ಕಿವಿಯ ಪಕ್ಕದಲ್ಲೇ ಹಾದಿದೆ. ಮೊದಲ ಸಲ ಪೆಡಲು ಮೆತ್ತಗೆ ಇಳಿಯಿತು. ಎರಡನೆಯ ಸಲ ಅರ್ಧಕ್ಕೆ ನಿಂತಿತು. ಮೂರನೆಯ ಸಲ ಕಲ್ಲು.

"ನೋಡ್ರಿ, ಎಳಿಯೋ ದಮ್ಮೇ ಇಲ್ಲ ಇದಕ್ಕ."

ಬಾನೆಟ್ಟಿನ ಕೆಳಗೆ, ಮಾಸ್ಟರ್ ಸಿಲಿಂಡರಿನ ಹಿಂದಿರುವ ಕರಿ ಡಬ್ಬಿಯೇ ಬೂಸ್ಟರ್. ಒಳಗೊಂದು ರಬ್ಬರ್ ಪರದೆ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಹುಟ್ಟುವ ನಿರ್ವಾತ ಪರದೆಯ ಎರಡೂ ಬದಿಗೆ ಇರುತ್ತದೆ. ನೀವು ಪೆಡಲು ಒತ್ತಿದರೆ ಹಿಂಬದಿಗೆ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ಮುಂದೆ ತಳ್ಳುತ್ತದೆ. ನಿಮ್ಮ ಕಾಲಿಗೆ ಸಿಗುವ ನೆರವು ಅಷ್ಟೇ, ಆದರೆ ಅದು ದೊಡ್ಡ ನೆರವು. ಮಾಮೂಲಿ ಎಂಜಿನ್ ಐಡ್ಲಿಂಗಿನಲ್ಲಿ 18ರಿಂದ 20 ಇಂಚು ಪಾದರಸದಷ್ಟು ನಿರ್ವಾತ ಕೊಡುತ್ತದೆ. ಇದರಲ್ಲಿ ರೇಸಿನ ಕ್ಯಾಮ್‌ಶಾಫ್ಟ್ ಕೂತಿದೆ. ಒಳಗೆಳೆಯುವ ಮತ್ತು ಹೊರಬಿಡುವ ವಾಲ್ವುಗಳೆರಡೂ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಗೇಜಿನ ಮುಳ್ಳು 9ರ ಆಸುಪಾಸಿನಲ್ಲಿ ನಡುಗುತ್ತಿದೆ. ಬೂಸ್ಟರಿನಲ್ಲಿ ಕೂಡಿಟ್ಟ ನಿರ್ವಾತ ಎರಡು ಒತ್ತಿಗೆ ಮುಗಿಯುತ್ತದೆ. ಇಂದು ಮೆತ್ತಗೆ, ನಾಳೆ ಕಲ್ಲು ಆಗುವ ಬ್ರೇಕಿಗಿಂತ ಸದಾ ಒಂದೇ ರೀತಿ ಗಟ್ಟಿಯಿರುವ ಬ್ರೇಕ್ ವಾಸಿ ಎನ್ನುತ್ತಾರೆ ಉಸ್ತಾದರು. ನನ್ನ ಮತವೂ ಅದೇ, ಆದರೆ ಇಂಥ ಕಾರಿಗೆ ಮಾತ್ರ. ಮನೆಮಂದಿಯನ್ನು ಕೂರಿಸಿಕೊಂಡು ಓಡಾಡುವ ಕಾರಿನ ಬೂಸ್ಟರನ್ನು ಯಾರೂ ಮುಟ್ಟಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಕಂಪನಿಯವರು ಮಾಡಿದ್ದನ್ನು ಹೀಗೆ ಬದಲಿಸಲು ಬಿಡುವುದಿಲ್ಲ. ಈ ಎಸ್ಟೀಮ್ ಇನ್ನು ರಸ್ತೆಗೆ ಇಳಿಯುವುದಿಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೂ ಲಾರಿಯ ಮೇಲೆಯೇ ಹೋಗುತ್ತದೆ.

ಪಾನಾ ತಿರುಗುತ್ತದೆ. ನಾಲ್ಕು ನಟ್ಟು, ಒಂದು ಪಿನ್ನು, ಒಂದು ರಬ್ಬರ್ ನಳಿಕೆ. ಬೂಸ್ಟರ್ ಈಚೆ ಬಂತು. ನಳಿಕೆ ಕಳಚಿದ ತೂತನ್ನು ಹುಡುಗ ಕೂಡಲೇ ಮುಚ್ಚುತ್ತಾನೆ. ಬಿಟ್ಟರೆ ಎಂಜಿನ್ ಅಲ್ಲಿಂದಲೇ ಗಾಳಿ ಕುಡಿದು ಕೆಡುತ್ತದೆ.

ಈಗ ನಿಮ್ಮ ಕೈಗೆ ಪೆಡಲು ಕೊಡುತ್ತಾರೆ. ಅಳೆಯಿರಿ: ಮೇಲಿನ ಕೀಲಿನಿಂದ ಕಾಲಿಡುವ ಜಾಗಕ್ಕೆ 12 ಇಂಚು, ರಾಡು ಕೂರುವ ತೂತಿಗೆ 3 ಇಂಚು. ಅಂದರೆ ನಾಲ್ಕು ಪಟ್ಟು. ತೂತನ್ನು ಒಂದು ಇಂಚು ಮೇಲಕ್ಕೆ, ಕೀಲಿನ ಹತ್ತಿರಕ್ಕೆ ಒಯ್ದರೆ ಆರು ಪಟ್ಟು. ಬೀದರಿನ ಕೆಂಪುಕಲ್ಲಿನ ಗಣಿಯಲ್ಲಿ ಹಾರೆ ಹಾಕುವವನು ಆಸರೆಯನ್ನು ಕಲ್ಲಿನ ಬುಡಕ್ಕೆ ಸರಿಸಿಕೊಳ್ಳುವುದೂ ಇದೇ ಲೆಕ್ಕದಲ್ಲಿ. ಇನ್ನು ಮಾಸ್ಟರ್ ಸಿಲಿಂಡರ್. ಹಳೆಯದು 7/8 ಇಂಚಿನದೆಂದು ಹಿಡಿಯಿರಿ, ಹೊಸದು 3/4. ಕಾಲು 40 ಕಿಲೋ ಒತ್ತಿದರೆ ಬೂಸ್ಟರ್ ಇಲ್ಲದ ಹಳೆಯ ಜೋಡಣೆಯಲ್ಲಿ ಬ್ರೇಕ್ ಆಯಿಲಿಗೆ ಬೀಳುವುದು ಚದರ ಸೆಂಟಿಮೀಟರಿಗೆ ಸುಮಾರು 41 ಕಿಲೋ, ಹೊಸದರಲ್ಲಿ 84. ದುಪ್ಪಟ್ಟು. ಅದರ ಬೆಲೆಯನ್ನೂ ಉಸ್ತಾದರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ: ಪೆಡಲು ಇಳಿಯುವ ದಾರಿಯೂ ದುಪ್ಪಟ್ಟು.

ತೂತು ಕೊರೆದು ಬುಷ್ ಕೂರಿಸುವ ಕೆಲಸ ಭಾಲ್ಕಿಯ ಲೇತಿನಲ್ಲಿ. ಹಲಬರ್ಗಾ ದಾಟುವಷ್ಟರಲ್ಲಿ ಕೆಂಪು ನೆಲ ಹೋಗಿ ಎರೆಮಣ್ಣು ಬಂದಿದೆ, ಎರಡೂ ಕಡೆ ಕಬ್ಬು. ಮುಂದಿನ ಲಾರಿಯ ಬೆನ್ನ ಮೇಲೆ 'ಪವರ್ ಬ್ರೇಕ್' ಎಂದು ಬಣ್ಣದಲ್ಲಿ ಬರೆದಿದೆ. ಲೇತಿನ ಅಂಗಳದ ತುಂಬ ಟ್ರ್ಯಾಕ್ಟರ್ ಟ್ರೇಲರಿನ ಹಬ್ಬು, ಆಕ್ಸಲ್. ಅಜ್ಜ ಪೆಡಲನ್ನು ತಿರುಗಿಸಿ ನೋಡಿ ಕೇಳುವುದು ಒಂದೇ ಪ್ರಶ್ನೆ: "ರಾಡ್ ಸೀದಾ ಹೋಗ್ತದಾ?" ಅದೇ ಕೇಳಬೇಕಾದ ಪ್ರಶ್ನೆ. ತೂತು ಮೇಲೇರಿತು, ಸಿಲಿಂಡರ್ ಇದ್ದಲ್ಲೇ ಉಳಿಯಿತು ಎಂದರೆ ರಾಡು ಓರೆಯಾಗಿ ಪಿಸ್ಟನ್ನನ್ನು ಗೋಡೆಗೆ ಉಜ್ಜುತ್ತದೆ. ಅದಕ್ಕೇ 8 ಮಿಲಿಮೀಟರ್ ಪ್ಲೇಟಿನಲ್ಲಿ ಸಿಲಿಂಡರಿಗೆ ಹೊಸ ಪೀಠ, ಅದೂ ಮೇಲಕ್ಕೆ. ಪಿಸ್ಟನ್ನಿನ ಗುಳಿಯೂ ಆಳವಾಗಿರಬೇಕು. ಬೂಸ್ಟರಿಗೆಂದು ಮಾಡಿದ ಸಿಲಿಂಡರಿನ ಗುಳಿ ಮೇಲುಮೇಲಿನದು. ಅದರಿಂದ ರಾಡು ಜಾರಿ ಬಿದ್ದರೆ ಬ್ರೇಕೇ ಇಲ್ಲ.

ಮತ್ತೆ ಬೀದರ್. ಹವಾ ತೆಗೆಯುವ ಕೆಲಸ. ಮೊದಲು ಸಿಲಿಂಡರನ್ನು ವೈಸಿನಲ್ಲಿ ಹಿಡಿಸಿ, ಅದರ ಬಾಯಿಂದ ಆಯಿಲ್ ಡಬ್ಬಿಗೇ ನಳಿಕೆ ಕೊಟ್ಟು, ಗುಳ್ಳೆ ನಿಲ್ಲುವ ತನಕ ಒತ್ತುವುದು. ಆಮೇಲೆ ಗಾಲಿಗಳು, ದೂರದ ಹಿಂದಿನ ಎಡಗಾಲಿಯಿಂದ ಶುರು. ಆಯಿಲ್ ಡಾಟ್ 4, ಸೀಲು ಆಗ ಒಡೆದದ್ದು. ತೆರೆದಿಟ್ಟರೆ ಗಾಳಿಯ ತೇವ ಹೀರುತ್ತದೆ, 230 ಡಿಗ್ರಿಯವರೆಗೆ ಕುದಿಯದ್ದು ತೇವ ಸೇರಿ 155ಕ್ಕೇ ಕುದಿಯಬಹುದು. "ಒತ್ರಿ." ಒತ್ತಿದ್ದೀರಿ. "ಹಿಡೀರಿ." ನಿಪ್ಪಲ್ ಸಡಿಲವಾಗಿ ಪೆಡಲು ನಿಮ್ಮ ಕಾಲಡಿ ಕುಸಿಯುತ್ತದೆ. ಬಾಟಲಿಯಲ್ಲಿ ಗುಳ್ಳೆ. "ಇನ್ನಾ ಅದ. ಹಿಡೀರಿ." ನಿಪ್ಪಲ್ ಬಿಗಿಯಾದ ಮೇಲೆಯೇ ಕಾಲೆತ್ತಬೇಕು.

ಔರಾದಿಗೆ ಹೊರಟ ಲಾರಿಯ ಮೇಲೆ ಎಸ್ಟೀಮ್ ಕಟ್ಟಿದೆ. ಪ್ರಸ್ಥಭೂಮಿ ಇಳಿದು, ಜನವಾಡ ಹಾದು, ಕೌಠಾದಲ್ಲಿ ಮಾಂಜ್ರಾ ದಾಟಿ, ಸಂತಪುರ ಬಿಟ್ಟು ಮುಂದೆ. ಕಾರಿನ ಮಾಲೀಕರ ಹೊಲದಲ್ಲಿ ಅವರೇ ಹಾಕಿಸಿದ ಕಾಂಕ್ರೀಟ್ ದಾರಿ, ಎರಡೂ ತುದಿಗೆ ಗೇಟು. ಹೆಲ್ಮೆಟ್, ಬೆಲ್ಟು. ಗಂಟೆಗೆ 40. ಒತ್ತುತ್ತೀರಿ, ಕಾರು ನಿಲ್ಲುತ್ತಿಲ್ಲ! ಬರಿಯ ಬೆರಳಿನ ಒತ್ತು ಸಾಲದು, ತೊಡೆಯಿಂದ ಒತ್ತಬೇಕು. ಮತ್ತೊಮ್ಮೆ, 60. ಈ ಸಲ ಮುಂದಿನ ಟೈರು ಕಚ್ಚುವುದು ಅಂಗಾಲಿಗೇ ತಿಳಿಯುತ್ತದೆ. ಇನ್ನಷ್ಟು ಒತ್ತಿದರೆ ಗಾಲಿ ಲಾಕ್ ಆಗುವ ಹಂತವೂ ತಿಳಿಯುತ್ತದೆ. ಕೂದಲೆಳೆಯಷ್ಟು ಬಿಟ್ಟರೆ ಮತ್ತೆ ಉರುಳುತ್ತದೆ. ಬೂಸ್ಟರ್ ನಡುವೆ ಇದ್ದಾಗ ಈ ಸುದ್ದಿ ಕಾಲಿಗೆ ಇಷ್ಟು ಸ್ಪಷ್ಟವಾಗಿ ಬರುತ್ತಿರಲಿಲ್ಲ. ಇದಕ್ಕೇ ಇಷ್ಟೆಲ್ಲ ಪಾಡು, ಮತ್ತು ಇದು ಆ ಪಾಡಿಗೆ ತಕ್ಕದ್ದು.

ನಾಲ್ಕು ಸುತ್ತಾದ ಮೇಲೆ ಕಾರು ಭಾರವಾಗಿ ಎಳೆಯುತ್ತಿದೆ. ಉಸ್ತಾದರು ಒಂದೊಂದು ಗಾಲಿಯ ಹತ್ತಿರ ಅಂಗೈ ಹಿಡಿಯುತ್ತಾರೆ. ನಾಲ್ಕೂ ಸುಡುತ್ತಿವೆ.

"ರಾಡಿಗಿ ಆಟ ಇಲ್ಲ. ಬಿಸಿಯಾಗಿ ಆಯಿಲ್ ಹಿಗ್ಯದ, ವಾಪಸ್ ಹೋಗ್ಲಾಕ ದಾರಿ ಸಿಗವಲ್ದು."

ಪೆಡಲಿನಡಿ ತಲೆ ತೂರಿಸಿ ಲಾಕ್‌ನಟ್ ಸಡಿಲಿಸುತ್ತಾರೆ, ರಾಡನ್ನು ಅರ್ಧ ಸುತ್ತು ಗಿಡ್ಡ ಮಾಡುತ್ತಾರೆ. ಪೆಡಲನ್ನು ಬೆರಳಿನಿಂದ ಅಲ್ಲಾಡಿಸಿದರೆ ಈಗ ಒಂದು ಚೂರು ಸಡಿಲ. ಗಾಲಿ ತಣಿಯಲಿ ಎಂದು ಕಾಯುತ್ತೀರಿ. ನಾಲ್ಕನ್ನೂ ಜಾಕಿನ ಮೇಲೆ ಎತ್ತಿ ಕೈಯಿಂದ ತಿರುಗಿಸಿ ನೋಡಿದ ಬಳಿಕವೇ ಅವರು ಕೀಲಿಯನ್ನು ಮತ್ತೆ ನಿಮ್ಮ ಕೈಗೆ ಕೊಡುತ್ತಾರೆ.